ಮೂರನೆಯ ಡಬ್ಬಿಗೆ ಬಿದ್ದ ಐದು ಕಾರ್ಡುಗಳು

ವಿಜಾಪುರದ ಜೋರಾಪುರ ಪೇಟೆಯಲ್ಲಿದ್ದ ಆ ಸಣ್ಣ ದಿನಪತ್ರಿಕೆಗೆ ದಿನವೂ ಮೂವತ್ತು ನಲವತ್ತು ಓದುಗರ ಪತ್ರಗಳು ಬರುತ್ತಿದ್ದವು. ಜಾಗವಿದ್ದದ್ದು ಆರಕ್ಕೆ. ಆ ಆರನ್ನು ಆರಿಸುವವನು ಪ್ರಲ್ಹಾದ. ಅವನ ಮೇಜಿನ ಮೇಲೆ ಮೂರು ಬಿಸ್ಕೀಟಿನ ಡಬ್ಬಿಗಳಿದ್ದವು. ಇವತ್ತೇ ಅಚ್ಚಾಗಬೇಕಾದದ್ದು ಮೊದಲನೆಯದಕ್ಕೆ, ಕಾಯಬಲ್ಲದ್ದು ಎರಡನೆಯದಕ್ಕೆ. ಬೈಗುಳ, ಹೆಸರಿಲ್ಲದ್ದು, ಒಬ್ಬನೇ ಹಲವರ ಹೆಸರಿನಲ್ಲಿ ಬರೆದದ್ದು ಮೂರನೆಯದಕ್ಕೆ. ವಾರಕ್ಕೊಮ್ಮೆ ಆ ಡಬ್ಬಿ ಚಹಾದ ಒಲೆಗೆ ಖಾಲಿಯಾಗುತ್ತಿತ್ತು.

ಕೊನೆಯ ನಿಯಮಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ, ೧೯೭೪ರಲ್ಲಿ, ಒಬ್ಬ ಕಿರಾಣಿ ವ್ಯಾಪಾರಿ ಎದುರಂಗಡಿಯವನ ಮೇಲೆ ಹನ್ನೆರಡು ಹೆಸರಿನಲ್ಲಿ ದೂರು ಬರೆದಿದ್ದ. ಪ್ರಲ್ಹಾದ ನಂಬಿ ನಾಲ್ಕನ್ನು ಅಚ್ಚು ಹಾಕಿಸಿದ. ಎದುರಂಗಡಿಯವನು ಅಂಗಡಿ ಮುಚ್ಚಿ ಊರು ಬಿಟ್ಟ. ಅಂದಿನಿಂದ ಪ್ರಲ್ಹಾದ ವಿಷಯಕ್ಕಿಂತ ಮೊದಲು ಅಕ್ಷರ ನೋಡುತ್ತಿದ್ದ.

ಆ ದಿನ ಮಧ್ಯಾಹ್ನ ಎರಡೂವರೆಗೆ ಪತ್ರಿಕೆ ಮಡಚುವ ಮಾಬುಬಿ ಒಲೆಗೆಂದು ಮೂರನೆಯ ಡಬ್ಬಿ ಎತ್ತಿಕೊಂಡವಳು ಅಲ್ಲೇ ನಿಂತಳು.

“ಪ್ರಲ್ಹಾದಣ್ಣಾರ, ಇದು ನಮ್ಮ ಮೌಲಾಸಾಬನ ಅಕ್ಷರ ಅಲ್ಲೇನ್ರಿ?”

“ಯಾರವ?”

“ನಮ್ಮ ತವರಿನ ಟೇಲರ್ ರಿ. ಬಬಲೇಶ್ವರದ ಕಡಿ. ನಮ್ಮವ್ವನ ಕಾಗದಾನೂ ಅವನ ಬರೀತಾನ. ಆ ಹೊಲದ ವಸ್ತ್ಯಾಗ ಬರಿಯಾಕ ಬರೂದು ಅವಗೊಬ್ಬಗ.”

ಪ್ರಲ್ಹಾದ ಡಬ್ಬಿಯನ್ನು ಮೇಜಿನ ಮೇಲೆ ಸುರಿದ. ಸೋಮವಾರದಿಂದ ಐದು ಹೆಸರಿನ ಐದು ಕಾರ್ಡು ಬಂದಿದ್ದವು, ಐದರಲ್ಲೂ ಅದೇ ಓರೆ ಅಕ್ಷರ. ಎರಡನ್ನು ಓದಿ, ಉಳಿದ ಮೂರನ್ನು ನೋಡಿದ ಕೂಡಲೇ ಡಬ್ಬಿಗೆ ಹಾಕಿದ್ದ. ಈಗ ಅವನ್ನು ಸಾಲಾಗಿ ಇಟ್ಟು ಭೂತಗನ್ನಡಿ ಹಿಡಿದ. ಪ್ರತಿ ಹೆಸರಿನ ಕೆಳಗೂ ಹೆಬ್ಬೆಟ್ಟಿನ ಗುರುತಿತ್ತು. ಒಂದರಲ್ಲಿ ಗೆರೆಗಳು ಸುಳಿ, ಒಂದರಲ್ಲಿ ಕಮಾನು, ಇನ್ನೊಂದರ ನಡುವೆ ಹಳೆಯ ಗಾಯ. ಐದೂ ಬೇರೆ ಬೇರೆ.

ಮೊದಲನೆಯದು ಗೊಲ್ಲಾಳಪ್ಪನದು: ಹಳ್ಳದ ದಾರಿಯ ಮೇಲೆ ಕರೆಂಟಿನ ತಂತಿ ಎದೆಮಟ್ಟಕ್ಕೆ ಜೋತುಬಿದ್ದಿದೆ. ನಾಲ್ಕನೆಯದು ಹುಚ್ಚವ್ವನದು: ತಂತಿ ಇನ್ನೂ ಇಳಿದಿದೆ, ತಗುಲಿ ನನ್ನ ಎರಡು ಆಡು ಸತ್ತವು. ಐದನೆಯದು: ಸಂತೆಯ ದಿನ ಮಂದಿಯೆಲ್ಲ ಇದೇ ದಾರಿ ಹಿಡಿಯುತ್ತಾರೆ.

ಸಂತೆ ನಾಳೆ.

ಪಕ್ಕದಲ್ಲಿ ಕುಳಿತು ಓದಿದ ಸಂಪಾದಕ ಮಲ್ಲಿಕಾರ್ಜುನ ಎದ್ದು ನಿಂತ. “ಮೊದಲನೇ ಪುಟಕ್ಕ ಹಾಕ್ರಿ.”

“ನಾಳಿನ ಪೇಪರ್ ಅಲ್ಲಿ ಮುಟ್ಟೋದು ಹತ್ತಕ್ಕ. ಸಂತಿಗೆ ಮಂದಿ ಏಳಕ್ಕ ಹೊರಡ್ತಾರ,” ಎಂದವನೇ ಪ್ರಲ್ಹಾದ ಕಾರ್ಡುಗಳನ್ನೂ ಭೂತಗನ್ನಡಿಯನ್ನೂ ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದ.

ಕರೆಂಟ್ ಆಫೀಸಿನ ಗುಮಾಸ್ತ ಕಾರ್ಡುಗಳನ್ನು ಇಸ್ಪೀಟಿನೆಲೆಗಳಂತೆ ಹರಡಿ ನಕ್ಕ. “ಏನ್ರಿ ಪೇಪರ್‌ನವರ, ಒಬ್ಬನ ಕುಂತು ಐದು ಬರದಾನ. ನಿಮಗ ಗೊತ್ತಾಗಲಿಲ್ಲ?”

ಪ್ರಲ್ಹಾದನದೇ ಮಾತು ಅದು.

“ನನಗೂ ನಾಕು ದಿನ ಹಂಗ ಕಂಡಿತ್ರಿ. ಹೆಬ್ಬೆಟ್ಟು ನೋಡ್ರಿ.” ಭೂತಗನ್ನಡಿ ಮುಂದಿಟ್ಟ.

ಗುಮಾಸ್ತ ಎರಡು ಕಾರ್ಡು ನೋಡಿದ. ಮೂರನೆಯದಕ್ಕೆ ನಗು ನಿಂತಿತು. ಫೋನು ಎತ್ತಿದ. ಬಬಲೇಶ್ವರದಲ್ಲಿ ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಪಕ್ಕದ ತಿಕೋಟಾ ಆಫೀಸು ಕೇಳಿದ, ಲೈನು ಸಿಗಲಿಲ್ಲ. ಪ್ರಲ್ಹಾದ ಗೋಡೆಯ ಗಡಿಯಾರ ನೋಡುತ್ತ ನಿಂತ. ಮೂರೂ ನಲವತ್ತು. ನಾಲ್ಕೂ ಹತ್ತು. ನಾಲ್ಕೂವರೆಗೆ ತಿಕೋಟಾದಿಂದ ದನಿ ಬಂತು. ಗುಮಾಸ್ತ ದಾರಿ, ಹಳ್ಳ, ವಸ್ತಿ ಎಲ್ಲವನ್ನೂ ಎರಡೆರಡು ಸಲ ಕೂಗಿ ಹೇಳಿದ. ಐದೂ ಕಾಲಿಗೆ ಮತ್ತೆ ಫೋನು ಬಡಿಯಿತು.

“ಕರೆಂಟ್ ಬಂದ್ ಮಾಡ್ಯಾರಂತ್ರಿ. ಬೆಳಕು ಹರಿಯೂದ್ರಾಗ ತಂತಿ ಬಿಗೀತಾರ. ಕುಂದರ್ರಿ, ನೀರು ಕುಡೀರಿ.”

ಪ್ರಲ್ಹಾದನಿಗೆ ಆಗಲೇ ಗೊತ್ತಾದದ್ದು, ತಾನು ಅಷ್ಟು ಹೊತ್ತೂ ನಿಂತೇ ಇದ್ದೆನೆಂದು.

ನಾಲ್ಕನೆಯ ದಿನ ಆರನೆಯ ಕಾರ್ಡು ಬಂತು. ಅದೇ ಓರೆ ಅಕ್ಷರ, ಕೆಳಗೆ ಹುಚ್ಚವ್ವನ ಹೆಬ್ಬೆಟ್ಟು.

“ತಂತಿ ಬಿಗದಾರ. ಸಂತಿ ಸುಸೂತ್ರ ಆತು. ನಿಮಗ ಪುಣ್ಯ ಬರಲಿ. ಗೊಲ್ಲಾಳಪ್ಪ ಬರಿಸಿದ ಮೊದಲಿನ ಕಾರ್ಡು ನಿಮಗ ಮುಟ್ಟಲಿಲ್ಲ ಕಾಣತೈತಿ. ಟಪಾಲಿನವರು ಕಳದಿರಬೇಕು.”

ಪ್ರಲ್ಹಾದ ಗೊಲ್ಲಾಳಪ್ಪನ ಕಾರ್ಡಿನ ಮೊಹರನ್ನೂ ಹುಚ್ಚವ್ವನ ಕಾರ್ಡಿನ ಮೊಹರನ್ನೂ ಅಕ್ಕಪಕ್ಕ ಇಟ್ಟು ನೋಡಿದ. ನಡುವೆ ಎರಡು ದಿನ. ಎರಡು ಆಡು.

ಹೊಸ ಕಾರ್ಡೊಂದನ್ನು ತೆಗೆದು ಮೌಲಾಸಾಬ ಓದಿ ಹೇಳಲೆಂದು ಅಕ್ಷರ ಬಿಡಿಸಿ ಬರೆದ: “ಹುಚ್ಚವ್ವಾ, ಟಪಾಲಿನವರು ಕಳೆದಿಲ್ಲ. ಕಾರ್ಡು ಸೋಮವಾರವೇ ನನ್ನ ಕೈಗೆ ಮುಟ್ಟಿತ್ತು. ನಾನೇ ನಂಬಲಿಲ್ಲ.”

ಕೆಳಗೆ ತನ್ನ ಪೂರ್ತಿ ಹೆಸರು ಬರೆದು, ದಿನದ ಟಪಾಲು ಹಾಕುವ ಮಾಬುಬಿಗೆ ಕೊಡದೆ ತಾನೇ ಟಪಾಲ್ ಪೆಟ್ಟಿಗೆಯವರೆಗೆ ನಡೆದ.