ನನ್ನನ್ನು ಬಿಟ್ಟು ಶೋಭಾಳನ್ನು ನೋಡಿದ ಮಗಳು

ನನ್ನ ಮಗಳು ನನ್ನ ಮುಖ ನೋಡುತ್ತಿರಲಿಲ್ಲ.

ಮೂರು ತಿಂಗಳು ತುಂಬಿತ್ತು. ಹಾಲು ಕುಡಿಸುವಾಗ ಕಣ್ಣು ತೆರೆದೇ ಇರುತ್ತಿತ್ತು, ಆದರೆ ನೋಟ ನನ್ನ ಕಿವಿಯ ಪಕ್ಕದಲ್ಲಿ ಎಲ್ಲೋ. ಗಂಗಾನಗರದ ನಮ್ಮ ಮನೆಯಲ್ಲೇ ನನ್ನ ಓರಗಿತ್ತಿ ಶೋಭಾಳ ಮಗನೂ ಇದ್ದ. ನನ್ನ ಇಂಚರಳಿಗಿಂತ ಚಿಕ್ಕವನು. ಫ್ಯಾನ್ ನೋಡಿ ನಗುತ್ತಿದ್ದ, ತಾತನ ಕನ್ನಡಕ ನೋಡಿ ನಗುತ್ತಿದ್ದ. ಅತ್ತೆ ಸಂಜೆಯಾದರೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಅವನಿಗೆ ದೃಷ್ಟಿ ತೆಗೆಯುತ್ತಿದ್ದರು. "ಯಾರ್ ಕಣ್ಣು ಬಿತ್ತೋ ಏನೋ!"

ನನ್ನದೇ. ಇನ್ಯಾರದು?

ಹೆಬ್ಬಾಳದಲ್ಲಿ ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿ, ಟಾರ್ಚ್ ಬಿಟ್ಟು ನೋಡಿದರು. "ರೆಟಿನಾ ಚೆನ್ನಾಗಿದೆಯಮ್ಮಾ. ಡಿಲೇಡ್ ವಿಶುವಲ್ ಮೆಚುರೇಶನ್ ಇರ್ಬಹುದು. ಕಂಡಿದ್ದನ್ನ ಗುರುತಿಸೋದು ನಿಧಾನಕ್ಕೆ ಬರ್ತಿದೆ. ಕಾದು ನೋಡ್ಬೇಕು." ನಾಮಕರಣಕ್ಕೆ ಬಂದಿದ್ದ ತಿಳಿ ಗುಲಾಬಿ, ತಿಳಿ ನೀಲಿ ಗೊಂಬೆಗಳು ಸದ್ಯಕ್ಕೆ ಬೇಡವಂತೆ. "ಕಪ್ಪು ಬಿಳುಪು, ಇಲ್ಲಾ ಗಾಢ ಕೆಂಪು, ಹಳದಿ. ಒಂದ್ ಸಲಕ್ಕೆ ಒಂದೇ. ಹತ್ತಿರ ಹಿಡಿದು ನಿಧಾನಕ್ಕೆ ಆಡ್ಸಿ."

ಆರ್.ಟಿ. ನಗರದ ಅಂಗಡಿಗಳನ್ನೆಲ್ಲ ಸುತ್ತಿ ತಂದೆ. ತಂದವಳು ಎಲ್ಲವನ್ನೂ ಒಟ್ಟಿಗೇ ತೊಟ್ಟಿಲಿಗೆ ನೇತುಹಾಕಿದೆ. ಅವಳು ಗೋಡೆಯ ಕಡೆ ತಿರುಗಿ ಅತ್ತಳು. ಎಲ್ಲ ಬಿಚ್ಚಿ ಕಪ್ಪು ಬಿಳಿ ಪಟ್ಟೆಯ ಒಂದೇ ಒಂದು ಚೆಂಡು ಉಳಿಸಿಕೊಂಡೆ. ದಿನಗಟ್ಟಲೆ ಆಡಿಸಿದೆ, ಕೈ ಸೋತುಹೋಯಿತು. ಶೋಭಾಳ ಮಗನೋ, ಪುಕ್ಕಟೆ ಸಿಕ್ಕಿದ ಪ್ಲಾಸ್ಟಿಕ್ ಗಿಳಿ ನೋಡಿ ಕೇಕೆ ಹಾಕುತ್ತಿದ್ದ. ಎಂಥಾ ಅನ್ಯಾಯ!

ಒಂದು ಬೆಳಗ್ಗೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಶೋಭಾ ಕೂಗಿದಳು. "ಅಕ್ಕಾ, ಬೇಗ ಬನ್ನಿ! ಇಂಚರ ನನ್ನ ನೋಡ್ತಿದ್ದಾಳೆ!"

ನಿಜ. ಶೋಭಾ ಆಚೆ ಹೋದರೆ ಆಚೆ, ಈಚೆ ಬಂದರೆ ಈಚೆ ನನ್ನ ಮಗಳ ಕಣ್ಣು ಹೋಗುತ್ತಿತ್ತು.

ಮನೆಯೆಲ್ಲ ಕುಣಿಯಿತು. ನನಗೆ ಹೊಟ್ಟೆ ಧಗಧಗ ಉರಿಯಿತು. ಮಗ ಸಾಲದಾ ಇವಳಿಗೆ, ನನ್ನ ಮಗಳೂ ಬೇಕಾ? "ಹಾಲು ಕುಡಿಸ್ಬೇಕು" ಅಂತ ಮಗುವನ್ನು ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಧ್ಯಾಹ್ನ ಶೋಭಾ ಬಂದಳು. ಬೆಳಗ್ಗೆ ಹಾಕಿಕೊಂಡಿದ್ದ ಕಪ್ಪು ಬಿಳಿ ದಪ್ಪ ಪಟ್ಟೆಯ ನೈಟಿಯನ್ನು ಒಗೆದು, ಒಣಗಿಸಿ ತಂದಿದ್ದಳು. "ನನ್ನನ್ನಲ್ಲ ಅಕ್ಕ, ಇದನ್ನ ನೋಡಿದ್ದು. ಬಾಣಂತಿ ಹಳೇದೇ ಉಡ್ಬೇಕು ಅಂತ ಅತ್ತೆ ಹೇಳಿದ್ರು, ನೀವು ಬಣ್ಣ ಹೋಗಿರೋ ಸೀರೆನೇ ಉಡ್ತೀರ. ಗೋಡೆ ಯಾವ್ದು, ನೀವ್ಯಾರು, ಪಾಪ ಅದಕ್ಕೆ ಹೆಂಗ್ ಗೊತ್ತಾಗ್ಬೇಕು? ಹಾಕ್ಕೊಳ್ಳಿ. ಅವಳು ನಿಮ್ಮನ್ನ ನೋಡೋವರ್ಗೂ ನಾನು ಅವಳ ಮುಂದೆ ಬರಲ್ಲ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ನೈಟಿ ನನಗೆ ಬಿಗಿ. ಹಾಕಿಕೊಂಡು ಕಿಟಕಿಯ ಬೆಳಕಿನಲ್ಲಿ ಕೂತೆ. ಇಂಚರ ಮೊದಲು ಪಟ್ಟೆ ನೋಡಿದಳು. ಆಟಿಕೆ ಆಡಿಸಿದ ಹಾಗೆಯೇ ನಾನು ನಿಧಾನವಾಗಿ ಕೆಳಗೆ ಬಾಗಿದೆ. ಅವಳ ನೋಟ ಕತ್ತಿಗೆ ಬಂತು, ಗಲ್ಲಕ್ಕೆ ಬಂತು. ಆಮೇಲೆ ನನ್ನ ಕಣ್ಣಿಗೆ.

ಅಲ್ಲೇ ನಿಂತಿತು.

ಡಾಕ್ಟರು ಇನ್ನೂ ಪೂರಾ ಗುಣ ಅಂದಿಲ್ಲ, ಚೆಕಪ್‌ಗೆ ಹೋಗುತ್ತಲೇ ಇದ್ದೇವೆ. ಆ ದಿನ ನಾನು ಬಿಕ್ಕಿದ್ದು ಕೇಳಿ ಶೋಭಾ ಹೊಸ್ತಿಲಾಚೆಯಿಂದಲೇ "ಏನಾಯ್ತಕ್ಕ?" ಅಂದಳು, ಮಗನನ್ನು ಹೆಗಲಿಗೆ ಒರಗಿಸಿಕೊಂಡು. ಒಳಗೆ ಬಂದರೆ ಮಗಳ ಕಣ್ಣು ಮತ್ತೆ ಅವಳ ಕಡೆ ಹೊರಳಬಹುದು, ಅದು ನನಗೆ ಗೊತ್ತಿತ್ತು. ಹೊಟ್ಟೆಯುರಿ ಪೂರಾ ಆರಿತ್ತು ಅಂದರೆ ಸುಳ್ಳಾಗುತ್ತದೆ.

"ಒಳಗ್ ಬಾರೇ," ಅಂದೆ.