ನನಗೇ ಗೊತ್ತಿಲ್ಲದೆ ಆದ ನನ್ನ ಮದುವೆ

ನನ್ನ ಮದುವೆ ಆಗಿಹೋಗಿದೆ ಅಂತ ನನಗೆ ಗೊತ್ತಾಗಿದ್ದು ಪಾಸ್‌ಪೋರ್ಟ್ ಆಫೀಸಿನ ಕಾಗದದಿಂದ. ಅರ್ಜಿದಾರರು ಮದುವೆಯಾಗಿ ಗಂಡನ ಊರಿಗೆ ಹೋಗಿದ್ದಾರೆಂದು ಪೊಲೀಸ್ ವರದಿ ಬಂದಿದೆ, ಕೊಟ್ಟ ವಿಳಾಸದಲ್ಲಿ ವಾಸವಿಲ್ಲ, ಆದ್ದರಿಂದ ಅರ್ಜಿ ತಡೆಹಿಡಿಯಲಾಗಿದೆ. ಅದೇ ವಿಳಾಸದ ಜಗಲಿ ಮೇಲೆ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತು ನಾನು ಅದನ್ನ ಎರಡು ಸಲ ಓದಿದೆ. ಮೈಯೆಲ್ಲ ಉರಿದುಹೋಯ್ತು.

ಅದು ತೊಂಬತ್ತೊಂಬತ್ತನೇ ಇಸವಿ ಜುಲೈ ತಿಂಗಳು. ಮಗ್ಗೆಯಿಂದ ಎರಡು ಮೈಲಿ ಒಳಗಿರೋ ನಮ್ಮೂರಿಂದ ಓದೋಕೆ ಅಂತ ದೇಶ ಬಿಟ್ಟು ಹೊರಟವಳು ನಾನೇ ಮೊದಲು. ಸ್ಕಾಟ್‌ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಮಣ್ಣಿನ ವಿಜ್ಞಾನ ಓದೋಕೆ ಸೀಟು ಸಿಕ್ಕಿತ್ತು, ಖರ್ಚೆಲ್ಲ ಅವರದೇ. "ಮಣ್ಣು ಓದಕ್ಕೆ ಅಲ್ಲಿಗಂಟ ಹೋಗ್ಬೇಕಾ? ನಮ್ಮ ಶುಂಠಿ ಹೊಲದಾಗೆ ಇಲ್ವಾ ಮಣ್ಣು?" ಅಂತ ಬಸ್ಸಲ್ಲಿ ಸಿಕ್ಕವರೆಲ್ಲ ರೇಗಿಸೋರು. "ಐತೆ. ವರ್ಷ ವರ್ಷ ಶುಂಠಿ ಯಾಕೆ ಕೊಳೀತೈತೆ ಹೇಳಿ ನೋಡನ, ನಾನು ಹೋಗದೇ ಇಲ್ಲ" ಅಂತಿದ್ದೆ. ಸೆಪ್ಟೆಂಬರ್ ಮೂರನೇ ವಾರಕ್ಕೆ ಅಲ್ಲಿರದಿದ್ದರೆ ಸೀಟು ಇನ್ನೊಬ್ಬರಿಗೆ ಅಂತ ಪತ್ರದಲ್ಲಿ ಬರೆದಿದ್ದರು. ಪಾಸ್‌ಪೋರ್ಟ್ ಇಲ್ಲದೆ ವೀಸಾಕ್ಕೆ ಅರ್ಜಿಯನ್ನೂ ಹಾಕೋ ಹಾಗಿರಲಿಲ್ಲ.

ಯಾರೋ ಹೊಟ್ಟೆಕಿಚ್ಚಿನೋರ ಕೆಲಸ ಇದು ಅಂತ ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳೋ ಹಾಗೆ ಕೂಗಾಡಿದೆ. ಪಕ್ಕದ ಮನೆಯಿಂದ ದೊಡ್ಡಮ್ಮ ಬಂದಳು. ಸ್ವಂತ ದೊಡ್ಡಮ್ಮ ಅಲ್ಲ, ಆದರೆ ಅಮ್ಮ ಗದ್ದೆಗೆ ಹೋದಾಗೆಲ್ಲ ನನ್ನನ್ನ ಎತ್ತಿ ಆಡಿಸಿದವಳು.

"ನಾನೇ ಕಣೇ ಹೇಳಿದ್ದು," ಅಂದಳು, ನಾನು ಬಹುಮಾನ ಕೊಡ್ತೀನೇನೋ ಅನ್ನೋ ಮುಖದಲ್ಲಿ. "ನೀವೆಲ್ಲ ಕಳೆ ತೆಗೆಯಕ್ಕೆ ಹೋಗಿದ್ರಿ. ಒಬ್ಬ ಪೊಲೀಸ್ನೋನು ಬೈಕಲ್ಲಿ ಬಂದ. ನಿನ್ನ ಹೆಸ್ರು ಹೇಳಿ, ಹುಡುಗಿ ಎಂಥೋಳು, ಇಲ್ಲೇ ಅವ್ಳಾ ಅಂತ ಕೇಳ್ದ. ನಂಗೆ ಎದೆ ಧಸಕ್ ಅಂತು. ಹೆಣ್ಣುಡುಗಿ ಹೆಸ್ರು ಪೊಲೀಸ್ನೋನ ಬಾಯಲ್ಲಿ ಬಂದ್ರೆ ಒಳ್ಳೇದಾ? 'ಅಯ್ಯೋ, ಅವಳು ಮದುವೆ ಆಗಿ ಅರಸೀಕೆರೆ ಕಡೆ ಹೋಗ್ಬುಟ್ಳು' ಅಂದೆ. ಸುಮ್ನೆ ಹೊಂಟೋದ."

ನಮ್ಮೂರಲ್ಲಿ ಅದೇ ಪದ್ಧತಿ. ಪೊಲೀಸರು ಯಾರ ಬಗ್ಗೆ ಕೇಳಿದರೂ ಆ ಮನುಷ್ಯ ಊರಲ್ಲಿಲ್ಲ. ಎದುರಿಗೇ ನಿಂತಿದ್ದರೂ ಇಲ್ಲ. ಚಿಕ್ಕಂದಿನಿಂದ ನಾನೂ ಹಾಗೇ ಹೇಳಿಕೊಂಡು ಬಂದವಳೇ. ಆದರೂ ಅವತ್ತು ಸಿಟ್ಟು ತಡೆಯಲಿಲ್ಲ. "ನನ್ನ ತಲೆ ಮೇಲೆ ಕಲ್ಲು ಹಾಕ್ಬುಟ್ಟೆಯಲ್ಲ ದೊಡ್ಡಮ್ಮ" ಅಂದುಬಿಟ್ಟೆ. ಅವಳ ಮುಖ ಇಳಿದುಹೋಯ್ತು.

ಸಂಜೆ ಅಪ್ಪ ಎಲ್ಲ ಕೇಳಿಸಿಕೊಂಡು, "ದೇವ್ರೇ ಬೇಡ ಅಂದ್ರೆ ನಾವೇನ್ ಮಾಡಕ್ಕಾಯ್ತದೆ" ಅಂದ. ದನಿಯಲ್ಲಿ ಸ್ವಲ್ಪ ಸಮಾಧಾನವೂ ಇತ್ತು, ಅದು ನನ್ನನ್ನ ಇನ್ನೂ ಕೆರಳಿಸಿತು. "ದೇವ್ರು ಎಲ್ಲಿ ಅಂದ? ಅಂದಿದ್ದು ಪಕ್ಕದ್ಮನೆ ದೊಡ್ಡಮ್ಮ" ಅಂದೆ. ಅಲ್ಲೇ ಕಾಫಿ ಕುಡೀತಾ ಕೂತಿದ್ದ ಪಂಚಾಯ್ತಿ ಮೆಂಬರು, "ಹೆಂಗೂ ಮದುವೆ ಆಗೈತೆ ಅಂತ ಸರ್ಕಾರನೇ ಬರ್ದೈತೆ. ಅದನ್ನೇ ನಿಜ ಮಾಡ್ಬುಡು ಮಾರಾಯ" ಅಂತ ನಕ್ಕರು. ಅಪ್ಪನೂ ನಕ್ಕ. "ಹಂಗಾರೆ ಗಂಡನ್ನೂ ಸರ್ಕಾರನೇ ಹುಡುಕ್ಲಿ. ನಾನಂತೂ ಹೋಗೋಳೇ" ಅಂದು ಮೆಂಬರ ಮುಂದಿದ್ದ ಲೋಟ ಎತ್ತಿಕೊಂಡು ಒಳಗೆ ಹೋದೆ. ಅದರಲ್ಲಿ ಇನ್ನೂ ಅರ್ಧ ಕಾಫಿ ಇತ್ತು.

ಮಾರನೇ ದಿನ ಸ್ಟೇಷನ್ನಿಗೆ ಹೋದೆ. "ಮದುವೆ ಆಗಿಲ್ಲ ಅನ್ನಕ್ಕೆ ಏನಮ್ಮ ದಾಖಲೆ?" ಅಂದರು ಹೆಡ್ ಕಾನ್‌ಸ್ಟೇಬಲ್. "ಆಗಿದ್ರೆ ಫೋಟೋ ತರ್ತಿದ್ದೆ. ಆಗದೇ ಇರೋದ್ರ ಫೋಟೋ ಯಾರು ತೆಗೀತಾರೆ ಸಾರ್?" ಅಂದೆ. ಅವರಿಗೆ ನಗು ಬಂತು, ಆದರೆ ಮಾತು ಬದಲಾಗಲಿಲ್ಲ. ಹೇಳಿಕೆ ಕೊಟ್ಟವಳೇ ಬಂದು, ಹೇಳಿದ್ದು ಸುಳ್ಳು ಅಂತ ಬರೆಸಿ ಹೆಬ್ಬೆಟ್ಟು ಒತ್ತಿದರೆ ಮಾತ್ರ ಹೊಸ ವರದಿ.

ಊರಿಗೆ ಬಂದು ದೊಡ್ಡಮ್ಮನಿಗೆ ಹೇಳಿದೆ. "ಪೊಲೀಸ್ನೋರಿಗೆ ಸುಳ್ಳು ಹೇಳ್ದೆ ಅಂತ ಅವ್ರ ಮುಂದೇನೇ ಹೇಳಾದಾ? ಒಳಗೆ ಹಾಕ್ಬುಡ್ತಾರೆ ಕಣೇ. ನಮ್ಮ ವಂಶದಲ್ಲಿ ಯಾರೂ ಸ್ಟೇಷನ್ ಮೆಟ್ಲು ಹತ್ತಿಲ್ಲ." ಬೇಡಿದೆ, ಬೈದೆ, ಅತ್ತೆ. ಆಗಾಕಿಲ್ಲ ಅಂದವಳೇ ಬಾಗಿಲು ಹಾಕಿಕೊಂಡಳು. ನಾಲ್ಕು ದಿನ ನಾವಿಬ್ಬರೂ ಮಾತಾಡಲಿಲ್ಲ. ಇನ್ನು ಆಸೆ ಬಿಡು ಅಂತ ಅಮ್ಮ ಸೂಟ್‌ಕೇಸಿನ ಬಟ್ಟೆಗಳನ್ನೆಲ್ಲ ತೆಗೆದು ಬೀರುವಿನಲ್ಲಿ ಇಟ್ಟಳು. ನಾನು ತೆಗೆದು ಮತ್ತೆ ಸೂಟ್‌ಕೇಸಿಗೆ ಇಟ್ಟೆ.

ಐದನೇ ದಿನ ಬೆಳಿಗ್ಗೆ, ಒಬ್ಬಳೇ ಸ್ಟೇಷನ್ನಿಗೆ ಹೋಗಿ ಇನ್ನೊಂದು ಸಲ ಜಗಳ ಆಡೋಣ ಅಂತ ಬಸ್ ಸ್ಟಾಪಿಗೆ ಬಂದೆ. ನೋಡಿದರೆ ದೊಡ್ಡಮ್ಮ ಮೊದಲೇ ನಿಂತಿದ್ದಾಳೆ, ನೆಂಟರ ಮದುವೆಗೆ ಉಡೋ ಸೀರೆ ಉಟ್ಟುಕೊಂಡು. "ನಿನ್ನ ಕಾಟಕ್ಕಿಂತ ಜೈಲೇ ವಾಸಿ" ಅಂದಳು. ಕೈಯಲ್ಲೊಂದು ಬಟ್ಟೆ ಗಂಟು. ಏನದು ಅಂದರೆ, ಒಳಗೆ ಹಾಕಿದರೆ ಉಡೋಕೆ ಇನ್ನೊಂದು ಸೀರೆ ಬೇಕಲ್ಲ ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಸ್ಸಲ್ಲಿ ಉದ್ದಕ್ಕೂ ಅವಳ ಕೈ ಹಿಡಿದುಕೊಂಡೇ ಕೂತಿದ್ದೆ.

ಸ್ಟೇಷನ್ನಿನಲ್ಲಿ ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಕಾಗದ ಬಿಡಿಸಿಕೊಂಡು ಗದರಿದರು. "ಏನಜ್ಜಿ, ಹುಡುಗಿ ಊರಲ್ಲಿಲ್ಲ ಅಂದಿದ್ರೆ ಸಾಕಿತ್ತು. ಮದುವೇನೇ ಯಾಕೆ ಮಾಡಿಸ್ಬುಟ್ಟೆ?"

ದೊಡ್ಡಮ್ಮ ಬಟ್ಟೆ ಗಂಟನ್ನ ಕಂಕುಳಿಗೆ ಒತ್ತಿಕೊಂಡಳು.

"ಇನ್ನೇನ್ ಹೇಳ್ಲಿ ಸ್ವಾಮಿ? ಹದಿಮೂರು ವರ್ಷಕ್ಕೆ ನನ್ನ ಮದುವೆ ಮಾಡ್ಕೊಂಡು ಆ ಊರಿಗೆ ತಂದ್ರು. ನನ್ನ ಮೂರು ಹೆಣ್ಮಕ್ಳನ್ನೂ ನಾನು ಹಂಗೇ ಕಳಿಸ್ದೆ. ಹೆಣ್ಣು ಊರು ಬಿಡಾದು ಅದೊಂದಕ್ಕೇ ಅಂತ ತಿಳ್ಕೊಂಡಿದ್ದೆ."

ಹೆಡ್ ಕಾನ್‌ಸ್ಟೇಬಲ್ ಪೆನ್ನಿನ ಕ್ಯಾಪ್ ತೆಗೆದರು. ದೊಡ್ಡಮ್ಮ ಇಂಕಿನ ಪ್ಯಾಡನ್ನ ತಾನೇ ಹತ್ತಿರಕ್ಕೆ ಎಳೆದುಕೊಂಡಳು.

"ಇವಳು ಓದಕ್ಕೆ ಹೋಗ್ತಾವ್ಳೆ. ಬರ್ಕೊಳ್ಳಿ," ಅಂದಳು.