ಒಂದು ಖಣ

ನಮ್ಮ ಹೊಸ ಮನೆಯ ಮೊದಲ ನಕ್ಷೆ ಬರೆದವನು ನಾನೇ. ಹುಮನಾಬಾದಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಗ್ರಾಫ್ ಹಾಳೆಗೆ ಕೊರತೆಯಿಲ್ಲ. ಬಸವಕಲ್ಯಾಣದಲ್ಲಿರುವ ಹಳೆಯ ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಸಿಮೆಂಟಿನ ಮನೆ ಕಟ್ಟುವುದೆಂದು ಅಣ್ಣನೂ ನಾನೂ ಮಾತಾಡಿಕೊಂಡಾಗ ಅಪ್ಪ ತೀರಿಹೋಗಿ ವರ್ಷ ತುಂಬಿತ್ತು. ಅಣ್ಣ ಆ ಮನೆಯಲ್ಲೇ ಇರುವವನು, ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ನಾನು ಹುಮನಾಬಾದಿನಲ್ಲೇ ಮಾಣಿಕನಗರದ ಹತ್ತಿರ ಬಾಡಿಗೆಗೆ ಇದ್ದೇನೆ, ನಿವೃತ್ತಿಯಾದ ಮೇಲೆ ಬಸವಕಲ್ಯಾಣದ ಮನೆಗೇ ಹೋಗಿ ಸೇರಬೇಕೆಂದಿದ್ದೇನೆ.

ಒಂದು ಚೌಕಕ್ಕೆ ಒಂದು ಅಡಿ ಎಂದು ಇಟ್ಟುಕೊಂಡು ಎರಡು ಭಾನುವಾರ ಕೂತು ಬರೆದೆ. ನಡುವೆ ಪಡಸಾಲೆ. ಈಶಾನ್ಯಕ್ಕೆ ದೇವರ ಖೋಲಿ. ಆಗ್ನೇಯಕ್ಕೆ ಅಡುಗೆಮನೆ. ಅಣ್ಣ-ವೈನಿಯರಿಗೆ ಒಂದು ಖೋಲಿ, ನನಗೂ ನನ್ನ ಹೆಂಡತಿಗೂ ಒಂದು, ಅಣ್ಣನ ಮಗನಿಗೆ ಒಂದು. ಓಣಿಯ ಕಡೆಗೆ ಕಾರು ನಿಲ್ಲುವ ಜಾಗ. ಕಾರು ಇನ್ನೂ ಬಂದಿಲ್ಲ. ಮುಂದೆ ಎಂದಾದರೂ ಮೇಲೊಂದು ಮಹಡಿ ಎಬ್ಬಿಸಬೇಕೆಂದು ಅಣ್ಣ ಹೇಳಿದ್ದರಿಂದ ಮೆಟ್ಟಿಲಿಗೂ ಜಾಗ ತೋರಿಸಿದ್ದೆ.

ಆ ಹಾಳೆಯಲ್ಲಿ ಅಕ್ಕನಿಗೆ ಖೋಲಿ ಇರಲಿಲ್ಲ. ಬೇಕೆಂದೇ ಬಿಟ್ಟೆವು ಎಂದರೆ ಅದು ಸುಳ್ಳಾಗುತ್ತದೆ. ನಮಗೆ ಆ ಯೋಚನೆಯೇ ಬರಲಿಲ್ಲ. ಅಕ್ಕ ನಮ್ಮಿಬ್ಬರಿಗಿಂತ ದೊಡ್ಡವಳು. ಅವಳನ್ನು ಘಾಟಬೋರಾಳಕ್ಕೆ ಕೊಟ್ಟಿತ್ತು. ಭಾವ ತೀರಿಹೋಗಿ ಬಹಳ ವರ್ಷವಾಯಿತು, ಮಕ್ಕಳಿಲ್ಲ, ಮೈದುನನ ಸಂಸಾರದ ಜೊತೆಗೆ ಇದ್ದಾಳೆ. ಅಲ್ಲಿ ಅವಳ ಟ್ರಂಕು ಕಾಳಿನ ಚೀಲಗಳ ನಡುವೆ ಇದೆ. ನೆಂಟರು ಬಂದ ದಿನ ಅವಳ ಹಾಸಿಗೆ ಪಡಸಾಲೆಯಿಂದ ಅಡುಗೆಮನೆಗೆ ಹೋಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳು ನಮ್ಮ ಮನೆಗೆ ಬಂದರೆ ಎಲ್ಲಿ ಮಲಗುತ್ತಾಳೆ ಎಂದು ಯಾರಾದರೂ ಕೇಳಿದ್ದರೆ, ಪಡಸಾಲೆಯಲ್ಲಿ ಎಂದು ನಾನು ಯೋಚಿಸದೆ ಹೇಳುತ್ತಿದ್ದೆ.

ಬೇಸಿಗೆ ರಜೆಯಲ್ಲಿ ಗೌಂಡಿಯನ್ನು ಕರೆಸಿದೆವು. ಅಪ್ಪನ ಕಾಲದಿಂದ ನಮ್ಮ ಮನೆಯ ಮಾಳಿಗೆ ಸೋರಿದಾಗಲೆಲ್ಲ ಬಂದು ಸರಿಮಾಡುತ್ತಿದ್ದ ಹಿರಿಯ. ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ.

“ಮಾಸ್ತರ್ರ, ಬರೆದದ್ದು ಛಲೋ ಅದ. ಆದರ ನಿಮ್ಮ ಗೋಡಿಗಿ ದಪ್ಪನ ಇಲ್ಲಲ್ಲರಿ. ಬರೇ ಗೆರಿ ಅದಾವ. ಗೆರಿ ಮ್ಯಾಲ ಸ್ಲ್ಯಾಬ್ ನಿಲ್ಲಸಲೇನು?”

ಅಣ್ಣ ನಕ್ಕ, ವೈನಿ ಒಳಗಿನಿಂದ ನಕ್ಕರು, ನಾನೂ ನಕ್ಕೆ. ನಿಜವೇ. ಗಣಿತದಲ್ಲಿ ಗೆರೆಗೆ ಅಗಲವಿಲ್ಲ. ನಾನು ಬರೆದ ಮನೆಯಲ್ಲಿ ಒಂದು ಗೋಡೆಯೂ ಇರಲಿಲ್ಲ. ಗೋಡೆಗೆ ಒಂಬತ್ತು ಇಂಚಿನಂತೆ ಹಿಡಿದರೆ ಪ್ರತಿ ಖೋಲಿಯೂ ಸಣ್ಣದಾಗುತ್ತದೆ ಎಂದು ಗೌಂಡಿ ತೋರಿಸಿಕೊಟ್ಟ. ನಂತರ ಹಳೆಯ ಮನೆಯ ಅಳತೆ ನೋಡಲು ಎದ್ದು, ಟೇಪು ಬಿಚ್ಚದೆ, ತಲೆಯೆತ್ತಿ ಮಾಳಿಗೆಯ ಮರದ ತೊಲೆಗಳನ್ನು ಎಣಿಸುತ್ತ ಈ ಗೋಡೆಯಿಂದ ಆ ಗೋಡೆಗೆ ನಡೆದ.

“ಏಳು ಖಣದ ಮನಿ” ಎಂದ.

ಏನೆಂದಿರಿ ಎಂದು ಕೇಳಿದೆ. ಅವನು ನನಗೆ ಕೇಳಿಸಲಿಲ್ಲವೆಂದುಕೊಂಡು ಜೋರಾಗಿ ಹೇಳಿದ: “ಒಂದು ತೊಲಿಯಿಂದ ಇನ್ನೊಂದು ತೊಲಿಗಿ ಒಂದು ಖಣರಿ. ಹಿಂದಕ ಮನಿ ಅಡಿ ಲೆಕ್ಕದಾಗ ಎಲ್ಲಿತ್ತು? ನಿಮ್ಮ ಅಪ್ಪಾರ ಬಾಯಾಗ ಯಾವಾಗಲೂ ಖಣನ. ಮೂರನೇ ಖಣ ಸೋರಾಕತ್ತದ ಬಾ, ಅಂತ ಹೇಳಿ ಕಳಸ್ತಿದ್ರು.”

ಆ ಮಾತು ನಾನು ಹುಡುಗನಾಗಿದ್ದಾಗ ಕೇಳಿದ್ದೇ. ಅಪ್ಪನ ಬಾಯಲ್ಲಿ ಕೇಳಿದ್ದೆ. ಆದರೆ ನಮ್ಮ ಕಾಲಕ್ಕೆ ಎಲ್ಲವೂ ಖೋಲಿಯಾಗಿ, ಖಣ ಎಂದರೆ ಒಂದೇ ಅರ್ಥ ಉಳಿದಿತ್ತು: ಕುಪ್ಪಸದ ಖಣ, ಹೆಣ್ಣುಮಕ್ಕಳ ಉಡಿಯಲ್ಲಿ ಇಡುವ ಅರಿವೆ. ಅಣ್ಣನ ಅಂಗಡಿಯಲ್ಲಿ ಅವುಗಳ ಒಂದು ಕಪಾಟೇ ಇದೆ. ಗೌಂಡಿ ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು ಮೂಲೆಗೆ ಹಿಡಿಯಲು ಹೇಳಿದ. ಹಿಡಿದೆ. ಅಳತೆ ಎಷ್ಟು ಬಂತು, ನನಗೆ ನೆನಪಿಲ್ಲ.

ಈಗ ಅಪ್ಪ ಹೇಳಿದ್ದನ್ನು ಬರೆಯಬೇಕು. ನನಗೆ ಗೊತ್ತಿರುವಷ್ಟನ್ನೇ ಬರೆಯುತ್ತೇನೆ.

ಲಕ್ವ ಹೊಡೆದ ಮೇಲೆ ಅಪ್ಪ ಕೊನೆಯ ಎರಡು ತಿಂಗಳು ಹುಮನಾಬಾದಿನಲ್ಲಿ ನನ್ನ ಹತ್ತಿರವೇ ಇದ್ದ. ನಾಲಿಗೆ ಹೊರಳುತ್ತಿರಲಿಲ್ಲ. ಒಂದು ಮಾತಿಗೂ ಮುಂದಿನ ಮಾತಿಗೂ ನಡುವೆ ನಾವು ಒಂದು ತುತ್ತು ಉಣಿಸಬಹುದಾಗಿತ್ತು. ತೀರಿಹೋಗುವ ಮೂರು ದಿನ ಮೊದಲು, ಮಧ್ಯಾಹ್ನ, ನಾನು ಅವನಿಗೆ ಗಂಜಿ ಕುಡಿಸುತ್ತಿದ್ದೆ. ಖೋಲಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಚಮಚವನ್ನು ಕೈಯಿಂದ ತಡೆದು ಅಂದ: “ಅಕಿಗಿ… ಒಂದು ಖಣ… ಬಿಡ್ರಿ.” ಅಕ್ಕನಿಗೋ ಎಂದು ಕೇಳಿದೆ. ಹೌದೆಂದು ಗೋಣು ಹಾಕಿದ. ಮತ್ತೆ ಗಂಜಿ ಕುಡಿದ.

ಅವತ್ತೇ ಸಂಜೆ ಅಣ್ಣನಿಗೆ ಫೋನಿನಲ್ಲಿ ನಾನು ಹೇಳಿದ್ದು: “ಅಕ್ಕಗ ಒಂದು ಖಣ ಕೊಡ್ರಿ ಅಂತ ಅಪ್ಪ ಅಂದಾನ.”

ಬಿಡ್ರಿ ಎಂದದ್ದನ್ನು ನಾನು ಕೊಡ್ರಿ ಮಾಡಿದೆ. ಮಕ್ಕಳ ನೋಟ್‌ಬುಕ್ಕಿನಲ್ಲಿ ತಪ್ಪು ಕಂಡರೆ ಕೆಂಪು ಪೆನ್ನಿನಿಂದ ತಿದ್ದುವಂತೆ, ಅಪ್ಪನ ನಾಲಿಗೆ ಜಾರಿದೆ ಎಂದುಕೊಂಡು ತಿದ್ದಿದೆ. ಅರಿವೆಯನ್ನು ಯಾರೂ ‘ಬಿಡು’ವುದಿಲ್ಲ. ಜಾಗವನ್ನು ಬಿಡುತ್ತಾರೆ.

ನಮ್ಮಲ್ಲಿ ಗಂಡನಿಲ್ಲದ ಹೆಣ್ಣುಮಗಳ ಉಡಿ ತುಂಬುವುದಿಲ್ಲ. ಅದಕ್ಕೇ ಅಪ್ಪನ ಮಾತು ನಮಗೆ ದೊಡ್ಡದಾಗಿ ಕಂಡಿತು. ಹೋಗುವ ಮುಂಚೆ ಮುದುಕ ಆ ಕಟ್ಟು ಮುರಿಯಲು ಹೇಳಿದ್ದಾನೆ ಎಂದು ಅಣ್ಣ ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿದ. ಅದರ ಮುಂದಿನ ಪಂಚಮಿಗೆ ಅಕ್ಕ ತವರಿಗೆ ಬಂದಾಗ ಅವನೇ ಕಪಾಟಿನಿಂದ ಹಸಿರು ಖಣ ಆರಿಸಿ ತಂದ. ವೈನಿ ಅಕ್ಕನನ್ನು ಮಣೆಯ ಮೇಲೆ ಕೂಡಿಸಿ, ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿದರು. ಓಣಿಯ ಇಬ್ಬರು ಹೆಂಗಸರು ಏನೋ ಗುಣುಗಿ ಎದ್ದುಹೋದರು. ವೈನಿ ತಿರುಗಿಯೂ ನೋಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅವತ್ತು ನಾವೆಲ್ಲ ನಮ್ಮನ್ನು ನಾವೇ ಒಳ್ಳೆಯವರೆಂದುಕೊಂಡೆವು. ಅಕ್ಕನ ಮುಖದಲ್ಲಿ ಏನಿತ್ತು ಎಂದು ಕೇಳಿದರೆ, ನಾನು ನೋಡಲಿಲ್ಲ.

ಗೌಂಡಿ ಹೋದ ಮೇಲೆ ಇದೆಲ್ಲವನ್ನೂ ಅಣ್ಣನಿಗೆ ಹೇಳಿದೆ. ಅವನು ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ. ಒಂದು ಕಾಲು ಚಪ್ಪಲಿಯಲ್ಲಿ, ಒಂದು ಹೊರಗೆ, ಹಾಗೇ ನಿಂತು ಕೇಳಿದ.

“ವರ್ಷ ಆದ ಮ್ಯಾಲ ನಿನಗ ಕಿವಿ ಬಂದಾವೇನು?” ಎಂದ.

“ಕೇಳಿದ್ದು ಸರಿಯಾಗೇ ಕೇಳಿದ್ದೆ. ಹೇಳೂದ್ರಾಗ ತಪ್ಪೀನಿ.”

“ಅಂವಾ ಬಟ್ಟಿನ ಅಂದಾನ. ನಾವು ಕೊಟ್ಟೀವಿ. ಮುಗೀತು. ಒಂದು ಅಕ್ಷರದ ಮ್ಯಾಲ ಮನಿ ಕಟ್ಟಾಕ ಬರ್ತದೇನೋ?”

ನನ್ನ ಹತ್ತಿರ ಸಾಕ್ಷಿ ಇರಲಿಲ್ಲ. ಅಪ್ಪ ಅಂದದ್ದನ್ನು ಕೇಳಿದವನು ನಾನೊಬ್ಬನೇ, ತಪ್ಪು ಹೇಳಿದವನೂ ನಾನೇ. ಅಂಥವನ ಎರಡನೆಯ ಮಾತನ್ನು ಯಾರು ನಂಬುತ್ತಾರೆ? ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೈನಿ ಮೆಲ್ಲಗೆ ಹೇಳಿದರು. ಪಂಚಮಿಯ ದಿನ ಉಡಿ ತುಂಬಿ ಮುಗಿದ ಮೇಲೆ ಅಕ್ಕ ಆ ಖಣವನ್ನು ಕೈಯಲ್ಲಿ ಹಿಡಿದು ಅವರನ್ನೊಂದು ಮಾತು ಕೇಳಿದ್ದಳಂತೆ: “ಅಪ್ಪ ಅಂದದ್ದು ಇದನ್ನೇನ?” ಹೌದು ಎಂದು ವೈನಿ ಹೇಳಿದ್ದರಂತೆ. ಸಂತೋಷಕ್ಕೆ ಕೇಳುತ್ತಿದ್ದಾಳೆ ಎಂದು ಅವರು ತಿಳಿದಿದ್ದರು.

ಅಣ್ಣ ಇನ್ನೊಂದು ಕಾಲಿಗೂ ಚಪ್ಪಲಿ ಮೆಟ್ಟಿ ಹೊರಟುಹೋದ.

ಮರುದಿನ ಘಾಟಬೋರಾಳಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡದೆಯೇ ನನ್ನ ಮಾತು ಪೂರ್ತಿ ಕೇಳಿದಳು. ನಾನು ಬಿಡ್ರಿ, ಕೊಡ್ರಿ ಎರಡನ್ನೂ ಹೇಳಿದೆ, ಯಾವುದು ಅಪ್ಪನದು, ಯಾವುದು ನನ್ನದು ಎಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಕಾಳಿನಲ್ಲಿದ್ದ ಹರಳು ಆರಿಸಿದಳು.

“ನನಗ ಗೊತ್ತಿತ್ತು, ತಮ್ಮಾ. ನಿಮ್ಮ ಭಾವ ತೀರಿದಾಗ ಅಪ್ಪ ಇದೇ ಕಟ್ಟಿ ಮ್ಯಾಲ ಕುಂತು ಅಂದಿದ್ದ. ಏಳರಾಗ ಒಂದು ಖಣ ನಿನ್ನದವ್ವ, ಅಂತ.”

“ಮತ್ತ ಆವತ್ತ ಯಾಕ ಹೇಳಲಿಲ್ಲ?”

“ಹ್ಯಾಂಗ ಹೇಳಲಿ? ಎಲ್ಲಾರೂ ಅಷ್ಟು ಹಿಗ್ಗೀಲೆ ಉಡಿ ತುಂಬಾಕತ್ತಿದ್ರಿ. ನೀ ಅಳಾಕತ್ತಿದ್ದಿ. ಇದಲ್ಲ, ಖೋಲಿ ಕೊಡ್ರಿ ಅನ್ಲೇನು?” ಎಂದಳು. ಆಮೇಲೆ ಮೊರ ಕೊಡವುತ್ತ, “ಬಟ್ಟಿ ಛಲೋ ಇತ್ತು ಬಿಡು” ಎಂದು ನಕ್ಕಳು. ಆ ನಗು ನನ್ನನ್ನು ಹಗುರ ಮಾಡಲಿಕ್ಕೆ ಎಂದು ಗೊತ್ತಾಯಿತು. ಹಗುರವಾಗಲಿಲ್ಲ. ಖಣವನ್ನು ಅವಳು ಹೊಲಿಸಿರಲಿಲ್ಲ. ಟ್ರಂಕಿನಲ್ಲಿ ಹಾಗೇ ಇದೆ ಎಂದಳು.

ಅಕ್ಕನ ಮಾತನ್ನು ಅಣ್ಣನಿಗೆ ಅವಳು ಹೇಳಿದಂತೆಯೇ ಹೇಳಿದೆ. ಒಂದು ವಾರ ಅವನು ನನ್ನ ಫೋನು ತೆಗೆಯಲಿಲ್ಲ. ಎಂಟನೆಯ ದಿನ ತಾನಾಗಿಯೇ ಫೋನು ಮಾಡಿದ. “ಕಾರಿನ ಜಾಗಕ್ಕ ಕೈ ಹಚ್ಚಬ್ಯಾಡ. ಉಳಿದದ್ದು ಹ್ಯಾಂಗರೆ ಮಾಡಕೋ” ಎಂದು ಇಟ್ಟ.

ಹೊಸ ಹಾಳೆ ತೆಗೆದುಕೊಂಡೆ. ಈ ಸಲ ಪ್ರತಿ ಗೋಡೆಗೂ ಎರಡೆರಡು ಗೆರೆ ಎಳೆದೆ. ನನ್ನ ಖೋಲಿಯಿಂದ ಮೂರು ಅಡಿ, ಅಡುಗೆಮನೆಯಿಂದ ಎರಡು ಅಡಿ, ಪಡಸಾಲೆಯಿಂದ ನಾಲ್ಕು ಅಡಿ ತೆಗೆದೆ. ವೈನಿ ಎರಡು ಅಡಿಗೆ ಒಂದೇ ಮಾತಿನಲ್ಲಿ ಒಪ್ಪಿದರು. ಅಡುಗೆಮನೆಗೂ ಮೆಟ್ಟಿಲಿಗೂ ನಡುವೆ ಒಂಬತ್ತು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಖೋಲಿ ಹುಟ್ಟಿತು. ಅಳತೆ ಕೂಡಿ ಬಂದದ್ದಕ್ಕೆ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಬೇರೆ ಏನನ್ನೂ ನೋಡದೆ ಹಾಳೆ ಮಡಚಿಟ್ಟೆ.

ಹಳೆಯ ಮನೆ ಕೆಡವಿ, ಮಣ್ಣು ಸಾಗಿಸಿ, ಜಾಗ ಬಯಲಾದ ಮೇಲೆ ಗುದ್ದಲಿ ಪೂಜೆ ಇಟ್ಟುಕೊಂಡೆವು. ಅಕ್ಕ ಬೆಳಗಿನ ಬಸ್ಸಿಗೆ ಬಂದಳು. ಗೌಂಡಿ ಆಗಲೇ ದಾರ ಕಟ್ಟಿ, ಸುಣ್ಣದ ಪುಡಿಯಿಂದ ನೆಲದ ಮೇಲೆ ಇಡೀ ಮನೆ ಬರೆದಿದ್ದ. ಬಾಗಿಲು ಬರುವಲ್ಲಿ ಗೆರೆ ಕಡಿದಿತ್ತು. ನಾವೆಲ್ಲ ಗೆರೆಗಳ ಮೇಲೆ ಅಡ್ಡಾದಿಡ್ಡಿ ಓಡಾಡುತ್ತಿದ್ದೆವು. ಅಣ್ಣನ ಮಗ ದೇವರ ಖೋಲಿಯ ಗೋಡೆ ದಾಟಿ ಅಡುಗೆಮನೆಗೆ ನುಗ್ಗಿದ. ಅಕ್ಕ ಮಾತ್ರ ಮುಂಬಾಗಿಲಿನಿಂದ ಒಳಗೆ ಬಂದಳು. ಪಡಸಾಲೆ ದಾಟಿದಳು. ಗೆರೆ ಕಡಿದಿದ್ದ ಜಾಗ ಹುಡುಕಿ, ಸೀರೆಯ ನಿರಿಗೆ ಸುಣ್ಣಕ್ಕೆ ತಾಗದಂತೆ ಎತ್ತಿ ಹಿಡಿದು, ತನ್ನ ಖೋಲಿಯೊಳಗೆ ಕಾಲಿಟ್ಟಳು. ಅಲ್ಲಿ ನಿಂತು ನಾಲ್ಕೂ ಕಡೆಗೆ ತಿರುಗಿದಳು.

ಕಿಟಕಿ ಯಾವ ಕಡೆ ಎಂದು ನನ್ನನ್ನು ಕೇಳಿದಳು.

ನಾನು ಹಾಳೆ ಬಿಚ್ಚಿದೆ. ಒಂದು ಕಡೆ ಮೆಟ್ಟಿಲು. ಒಂದು ಕಡೆ ಅಡುಗೆಮನೆ. ಹಿಂದೆ ನೆರೆಯವರ ಗೋಡೆ. ಮುಂದೆ ಪಡಸಾಲೆಗೆ ತೆರೆಯುವ ಬಾಗಿಲು. ಕಿಟಕಿಗೆ ಜಾಗವೇ ಇರಲಿಲ್ಲ. ಎರಡೆರಡು ಗೆರೆ ಎಳೆದು ಗೋಡೆಗೆಲ್ಲ ದಪ್ಪ ಕೊಟ್ಟವನು ಬೆಳಕು ಮರೆತಿದ್ದೆ. ಹಾಳೆಯನ್ನು ಅವಳ ಮುಂದೆ ಹಿಡಿದೆ. ಅವಳು ಹಾಳೆ ನೋಡಲಿಲ್ಲ. ತಲೆಯೆತ್ತಿ, ಹಳೆಯ ಮನೆಯ ಮಾಳಿಗೆ ಇದ್ದ ಕಡೆ ನೋಡಿದಳು. ಈಗ ಅಲ್ಲಿ ಬರೀ ಆಕಾಶ ಇತ್ತು.

“ಮ್ಯಾಲ ಒಂದು ಬೆಳಕಿಂಡಿ ಬಿಡ್ರಿ” ಎಂದಳು. ದನಿ ಸಣ್ಣದಿತ್ತು.

ಓಣಿಯ ಕಡೆ ದಾರ ಬಿಗಿಯುತ್ತಿದ್ದ ಗೌಂಡಿ, ಅಕ್ಕಾರು ಏನಂದರು ಎಂದು ಅಲ್ಲಿಂದಲೇ ಕೂಗಿ ಕೇಳಿದ. ಅಣ್ಣ ನನ್ನ ಮುಖ ನೋಡಿದ. ಆ ಖೋಲಿಯ ಮೇಲೆ ಬೆಳಕಿಂಡಿ ಬಿಟ್ಟರೆ ಅದರ ಮೇಲೆ ಮಹಡಿ ಎಬ್ಬಿಸಲು ಬರುವುದಿಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಕಿಟಕಿ ಕೇಳುತ್ತಿದ್ದಾಳೆ ಎನ್ನಬಹುದಿತ್ತು, ಜಾಗವಿಲ್ಲ ಎಂದು ಗೌಂಡಿಯೇ ಮುಗಿಸುತ್ತಿದ್ದ. ಬೆಳಕು ಬೇಕಂತೆ ಎನ್ನಬಹುದಿತ್ತು, ಎರಡು ಟ್ಯೂಬ್‌ಲೈಟ್ ಹಾಕೋಣ ಎನ್ನುತ್ತಿದ್ದ. ಒಂದೊಂದೂ ಮುಕ್ಕಾಲು ಸರಿಯಾದ ಮಾತೇ. ಎಲ್ಲವೂ ನನ್ನ ನಾಲಿಗೆಯ ತನಕ ಬಂದವು.

“ಮ್ಯಾಲ ಒಂದು ಬೆಳಕಿಂಡಿ ಬಿಡ್ರಿ ಅಂದಳು” ಎಂದು ಕೂಗಿ ಹೇಳಿದೆ.

ಗೌಂಡಿ ದಾರ ಬಿಟ್ಟು ಅಣ್ಣನ ಕಡೆ ನೋಡಿದ. ಅಣ್ಣ ನೆಲದ ಸುಣ್ಣ ನೋಡುತ್ತ ನಿಂತ. ಆಮೇಲೆ, ನನಗಲ್ಲ, ಗೌಂಡಿಗಲ್ಲ, ಅಕ್ಕನಿಗೆ ಕೇಳಿದ: “ಎಷ್ಟು ಬಿಡಬೇಕವಾ?”

ಅಕ್ಕ ಎರಡೂ ಕೈ ಮುಂದೆ ಚಾಚಿ ಅಗಲ ತೋರಿಸಿದಳು. ಅಣ್ಣನ ಮುಖ ನೋಡಿ ಸ್ವಲ್ಪ ಕಿರಿದು ಮಾಡಿದಳು.

ಗೌಂಡಿ ಟೇಪು ಬಿಚ್ಚುತ್ತ ಹತ್ತಿರ ಬಂದ. ಅಕ್ಕ ಮೊದಲಿಗೆ ತೋರಿಸಿದ ಅಗಲವನ್ನೇ ಅಳೆಯಿರಿ ಎಂದೆ.